ಟೆನಿಸ್ ಅಂಗಣದ ಅನಿರೀಕ್ಷಿತ ಪರಾಭವಗಳು

ಕ್ರೀಡಾಜಗತ್ತಿನಲ್ಲಿ ಜಯಾಪಜಯಗಳು ಸಹಜವಾದವು. ಇಬ್ಬರು ಸೆಣಸಿದಲ್ಲಿ ಒಬ್ಬರು ಗೆಲ್ಲುವುದೂ ಇನ್ನೊಬ್ಬರು ಸೋಲುವುದೂ ಆಟದ ನಿಯಮವೇ ಆಗಿದೆ. ಆದರೂ ಕೆಲವು ಸೋಲುಗಳು ಲೋಕವನ್ನೇ ಬೆರಗುಗೊಳಿಸುತ್ತವೆ. ಜಗತ್ತಿನ ಅಗ್ರಗಣ್ಯ ಆಟಗಾರರೊಬ್ಬರನ್ನು ಹೆಸರನ್ನೇ ಹೆಚ್ಚಿನವರು ಕೇಳಿರದ ಎದುರಾಳಿಯೊಬ್ಬರು ಒಂದು ಮಧ್ಯಾಹ್ನದ ಆಟದಲ್ಲಿ ಸೋಲಿಸಿಬಿಟ್ಟರೆ, ಮರುದಿನದ ವೃತ್ತಪತ್ರಿಕೆಗಳು ಅದನ್ನು 'ಆಘಾತ'ವೆಂದು ಬಣ್ಣಿಸುತ್ತವೆ. ಕೆಲವರು ಅದನ್ನು ಅದೃಷ್ಟದಾಟವೆನ್ನುತ್ತಾರೆ. ಮತ್ತೆ ಕೆಲವರು ಸೋತವರ ಅಲಕ್ಷ್ಯವೆನ್ನುತ್ತಾರೆ. ಇವೆರಡೂ ಅರ್ಧಸತ್ಯಗಳು. ಟೆನಿಸ್ ಆಟದ ರಚನೆಯನ್ನೂ ಅದರ ಇತಿಹಾಸವನ್ನೂ ಸಾವಧಾನವಾಗಿ ಪರಿಶೀಲಿಸಿದರೆ, ಇಂತಹ ಪರಾಭವಗಳಿಗೆ ತಕ್ಕ ಕಾರಣಗಳಿರುವುದು ಕಂಡುಬರುತ್ತದೆ. ಶಿಖರಕ್ಕೂ ತಪ್ಪಲಿಗೂ ನಡುವಣ ಅಂತರ ದೂರದಿಂದ ಕಾಣುವಷ್ಟು ದೊಡ್ಡದಲ್ಲವೆಂಬುದೇ ಅವುಗಳಲ್ಲಿ ಮುಖ್ಯವಾದುದು.

ಕ್ರಮಾಂಕವೆಂದರೇನು?

ವೃತ್ತಿಪರ ಪುರುಷ ಆಟಗಾರರಿಗೆ ಗಣಕಯಂತ್ರದ ನೆರವಿನಿಂದ ವಿಶ್ವ ಕ್ರಮಾಂಕ ನೀಡುವ ಪದ್ಧತಿ 1973ರಲ್ಲಿ ಆರಂಭವಾಯಿತು, ಮಹಿಳೆಯರಿಗೆ 1975ರಲ್ಲಿ. ಹಿಂದಿನ 52 ವಾರಗಳ ಸ್ಪರ್ಧೆಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ ಈ ಪಟ್ಟಿಯನ್ನು ಸಿದ್ಧಪಡಿಸುತ್ತಾರೆ. ಆದ್ದರಿಂದ ಕ್ರಮಾಂಕವು ಕಳೆದ ವರ್ಷದ ದುಡಿಮೆಯ ಲೆಕ್ಕವೇ ಹೊರತು, ಮುಂದಿನ ಪಂದ್ಯದ ಫಲಜ್ಯೋತಿಷ್ಯವಲ್ಲ. ಗಾಯದಿಂದ ಹಿಂದುಳಿದು ಮತ್ತೆ ಚೇತರಿಸಿಕೊಂಡವರು, ಈಗತಾನೇ ಮೇಲೇರುತ್ತಿರುವ ತರುಣರು, ಒಂದೇ ಬಗೆಯ ಅಂಗಣದಲ್ಲಿ ನಿಪುಣರಾದವರು, ಇವರೆಲ್ಲರ ನಿಜವಾದ ಸಾಮರ್ಥ್ಯವನ್ನು ಆ ಪಟ್ಟಿ ತಿಳಿಸಲಾರದು.

ಆಸ್ಟ್ರೇಲಿಯಾ, ಫ್ರಾನ್ಸ್, ವಿಂಬಲ್ಡನ್ ಮತ್ತು ಅಮೆರಿಕಗಳ ನಾಲ್ಕು ಮಹಾಸ್ಪರ್ಧೆಗಳಿಗೆ ಗ್ರ್ಯಾಂಡ್‌ಸ್ಲಾಮ್ ಸ್ಪರ್ಧೆಗಳೆಂದು ಹೆಸರು. ಇವುಗಳ ಸಿಂಗಲ್ಸ್ ವಿಭಾಗದಲ್ಲಿ 128 ಮಂದಿ ಕಣಕ್ಕಿಳಿಯುತ್ತಾರೆ. ಪ್ರಶಸ್ತಿಗೆ ಏಳು ಪಂದ್ಯಗಳನ್ನು ಗೆಲ್ಲಬೇಕು. ಪ್ರಬಲರು ಆರಂಭದ ಸುತ್ತುಗಳಲ್ಲಿಯೇ ಪರಸ್ಪರ ಎದುರಾಗದಂತೆ ಅವರಿಗೆ ಶ್ರೇಯಾಂಕ ನೀಡಿ, ಪಟ್ಟಿಯಲ್ಲಿ ದೂರದೂರಕ್ಕೆ ಇರಿಸುವುದು ರೂಢಿ. 2001ರ ವಿಂಬಲ್ಡನ್‌ನಲ್ಲಿ ಶ್ರೇಯಾಂಕಿತರ ಸಂಖ್ಯೆಯನ್ನು 16ರಿಂದ 32ಕ್ಕೆ ಏರಿಸಲಾಯಿತು. ಹೀಗೆ ಪ್ರಬಲರ ಹಾದಿಯನ್ನು ಮೊದಲೇ ಸುಗಮಗೊಳಿಸಿದ್ದರೂ ಅವರು ಎಡವುತ್ತಾರೆಂಬುದೇ ವಿಚಾರಾರ್ಹವಾದ ಸಂಗತಿ.

ಅಂಕಗಳ ಗಣಿತ

ಟೆನಿಸ್‌ನ ಎಣಿಕೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಕೆಲವು ಅಂಕಗಳು ಸೇರಿ ಒಂದು ಗೇಮ್. ಎರಡರ ಮುನ್ನಡೆಯೊಡನೆ ಆರು ಗೇಮ್‌ಗಳನ್ನು ಗೆದ್ದರೆ ಒಂದು ಸೆಟ್. ಆಟ ಆರು-ಆರಕ್ಕೆ ಸಮವಾದರೆ ಟೈಬ್ರೇಕ್. ಮಹಿಳೆಯರು ಮೂರರಲ್ಲಿ ಎರಡು ಸೆಟ್ಟುಗಳನ್ನು ಗೆಲ್ಲಬೇಕು; ಗ್ರ್ಯಾಂಡ್‌ಸ್ಲಾಮ್ ಸ್ಪರ್ಧೆಗಳಲ್ಲಿ ಪುರುಷರು ಐದರಲ್ಲಿ ಮೂರನ್ನು ಗೆಲ್ಲಬೇಕು. ಈ ಏರ್ಪಾಡಿನಲ್ಲಿ ಅಲ್ಪ ಮೇಲುಗೈಯೂ ಪ್ರತಿಯೊಂದು ಮೆಟ್ಟಿಲಲ್ಲಿ ಹಿಗ್ಗುತ್ತ ಹೋಗುತ್ತದೆ.

ಪ್ರತಿ ಅಂಕದಲ್ಲಿಯೂ ಗೆಲ್ಲುವ ಸಂಭವ ಒಂದೇ ಸಮನಾಗಿರುತ್ತದೆಂದು ಭಾವಿಸಿ ಲೆಕ್ಕ ಹಾಕಬಹುದು. ಒಬ್ಬ ಆಟಗಾರ ನೂರು ಅಂಕಗಳಲ್ಲಿ 55ನ್ನು ಗೆಲ್ಲಬಲ್ಲವನಾದರೆ, ನೂರು ಗೇಮ್‌ಗಳಲ್ಲಿ ಸುಮಾರು 62ನ್ನು, ನೂರು ಸೆಟ್ಟುಗಳಲ್ಲಿ ಸುಮಾರು 81ನ್ನು, ಐದು ಸೆಟ್ಟುಗಳ ನೂರು ಪಂದ್ಯಗಳಲ್ಲಿ ಸುಮಾರು 95ನ್ನು ಗೆಲ್ಲುತ್ತಾನೆ. ಎದುರಾಳಿಗೆ ಉಳಿಯುವುದು ನೂರಕ್ಕೆ ಐದೇ ಪಂದ್ಯಗಳು. ಆದರೆ ಆ 55 ಎಂಬುದು 52ಕ್ಕೆ ಇಳಿಯಿತೆನ್ನೋಣ. ಆಗ ಪ್ರಬಲನ ಗೆಲುವು ನೂರಕ್ಕೆ 75ಕ್ಕೆ ಕುಸಿಯುತ್ತದೆ. ಮೂರು ಸೆಟ್ಟುಗಳ ಪಂದ್ಯವಾದರೆ 70ಕ್ಕೆ. ನೂರರಲ್ಲಿ ಮೂರೇ ಮೂರು ಅಂಕಗಳು ಕೈಬಿಟ್ಟರೆ ದುರ್ಬಲನ ಅವಕಾಶ ಐದು ಪಟ್ಟಾಗುತ್ತದೆ! ಚೆನ್ನಾಗಿ ನಿದ್ರೆ ಬಾರದ ಒಂದು ರಾತ್ರಿ, ನೋಯುವ ಒಂದು ಮೊಣಕಾಲು, ಬೀಸುವ ಗಾಳಿ, ಇವುಗಳಲ್ಲಿ ಯಾವುದಾದರೊಂದು ಆ ಮೂರು ಅಂಕಗಳನ್ನು ಕಸಿದುಕೊಳ್ಳಲು ಸಾಕು.

ಈ ಗಣಿತ ಪುಸ್ತಕದ ಬದನೆಕಾಯಿಯಲ್ಲ. ಸ್ವಿಟ್ಜರ್ಲೆಂಡಿನ ರೋಜರ್ ಫೆಡರರ್ ತಮ್ಮ ವೃತ್ತಿಜೀವನದಲ್ಲಿ 1,526 ಸಿಂಗಲ್ಸ್ ಪಂದ್ಯಗಳನ್ನು ಆಡಿ, ನೂರಕ್ಕೆ ಸುಮಾರು 80ರಷ್ಟನ್ನು ಗೆದ್ದರು. ಆದರೆ ಆ ಪಂದ್ಯಗಳ ಒಟ್ಟು ಅಂಕಗಳಲ್ಲಿ ತಾವು ಗೆದ್ದುದು ನೂರಕ್ಕೆ 54 ಮಾತ್ರವೆಂದು 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವೀಧರರಿಗೆ ಅವರೇ ತಿಳಿಸಿದರು. ಸಾರ್ವಕಾಲಿಕ ಶ್ರೇಷ್ಠರಲ್ಲೊಬ್ಬರೆನಿಸಿದವರೂ ಹೆಚ್ಚುಕಡಿಮೆ ಎರಡು ಅಂಕಗಳಿಗೊಮ್ಮೆ ಸೋಲುತ್ತಿದ್ದರು.

ಇನ್ನೊಂದು ವೈಶಿಷ್ಟ್ಯವೂ ಉಂಟು. ಕಾಲ್ಚೆಂಡಿನಲ್ಲಿ ಮುಂದಿರುವ ತಂಡ ಗಡಿಯಾರವನ್ನು ನೋಡುತ್ತ ಕಾಲ ತಳ್ಳಬಹುದು. ಟೆನಿಸ್‌ಗೆ ಗಡಿಯಾರವಿಲ್ಲ. ಎಷ್ಟೇ ಮುಂದಿದ್ದರೂ ಕೊನೆಯ ಅಂಕವನ್ನು ಗೆಲ್ಲದೆ ಪಂದ್ಯ ಮುಗಿಯದು. ಎಷ್ಟೇ ಹಿಂದಿದ್ದರೂ ಆ ಅಂಕ ಕಳೆಯುವವರೆಗೆ ದಾರಿ ಮುಚ್ಚದು. 2019ರ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಫೆಡರರ್ 218 ಅಂಕಗಳನ್ನು ಗಳಿಸಿಯೂ 204 ಅಂಕ ಗಳಿಸಿದ ನೊವಾಕ್ ಜೊಕೊವಿಚ್ ಅವರಿಗೆ ಸೋತರು. ಎಷ್ಟು ಅಂಕಗಳೆಂಬುದಕ್ಕಿಂತ ಯಾವ ಅಂಕಗಳೆಂಬುದು ಇಲ್ಲಿ ಮುಖ್ಯ.

ಅಂಗಣದ ಗುಣ

ಹುಲ್ಲಿನ ಅಂಗಣದಲ್ಲಿ ಚೆಂಡು ಕೆಳಮಟ್ಟದಲ್ಲಿ ವೇಗವಾಗಿ ಜಾರುತ್ತದೆ. ಅಲ್ಲಿ ಬಿರುಸಾದ ಸರ್ವ್ ಒಂದೇ ಪಂದ್ಯದ ಗತಿಯನ್ನು ಬದಲಿಸಬಲ್ಲದು. ವಿಂಬಲ್ಡನ್ನಿನಲ್ಲಿ ಅನಿರೀಕ್ಷಿತ ಫಲಿತಾಂಶಗಳು ಮೇಲಿಂದ ಮೇಲೆ ಸಂಭವಿಸಿರುವುದಕ್ಕೆ ಇದೂ ಒಂದು ಕಾರಣ. 2003ರಲ್ಲಿ ಹಿಂದಿನ ವರ್ಷದ ವಿಜೇತ ಲೇಟನ್ ಹೆವಿಟ್ ಮೊದಲ ಸುತ್ತಿನಲ್ಲಿ ಕ್ರೊಯೇಷಿಯದ ಇವೊ ಕಾರ್ಲೊವಿಚ್ ಅವರನ್ನು ಎದುರಿಸಿದರು. ಕಾರ್ಲೊವಿಚ್ ಅವರ ವಿಶ್ವ ಕ್ರಮಾಂಕ 203. ಅರ್ಹತಾ ಸುತ್ತುಗಳನ್ನು ದಾಟಿ ಬಂದಿದ್ದ ಅವರಿಗೆ ಅದೇ ಗ್ರ್ಯಾಂಡ್‌ಸ್ಲಾಮ್ ಮುಖ್ಯ ಸುತ್ತಿನ ಪ್ರಥಮ ಪಂದ್ಯ. ಮೊದಲ ಸೆಟ್ಟಿನಲ್ಲಿ ಅವರಿಗೆ ದಕ್ಕಿದ್ದು ಒಂದೇ ಗೇಮ್. ಆದರೆ ಆರೂವರೆ ಅಡಿಗೂ ಮೀರಿದ ಎತ್ತರದಿಂದ ಇಳಿದು ಬರುತ್ತಿದ್ದ ಅವರ ಸರ್ವ್ ಕ್ರಮೇಣ ಹೆವಿಟ್ ಅವರನ್ನು ಕಟ್ಟಿಹಾಕಿತು. ಮುಂದಿನ ಮೂರು ಸೆಟ್ಟುಗಳೂ ಕಾರ್ಲೊವಿಚ್ ಅವರ ಪಾಲಾದವು. 1967ರಲ್ಲಿ ಮಾನುಯೆಲ್ ಸಾಂಟಾನಾ ಅವರು ಚಾರ್ಲಿ ಪಸರೆಲ್ ಅವರಿಗೆ ಸೋತ ತರುವಾಯ, ವಿಂಬಲ್ಡನ್ನಿನ ಪುರುಷ ವಿಜೇತರೊಬ್ಬರು ಮರುವರ್ಷ ಮೊದಲ ಸುತ್ತಿನಲ್ಲಿಯೇ ನಿರ್ಗಮಿಸಿದುದು ಅದೇ ಮೊದಲು.

ಫ್ರೆಂಚ್ ಸ್ಪರ್ಧೆಯ ಕೆಂಪು ಮಣ್ಣಿನ ಅಂಗಣದ ಸ್ವಭಾವ ಇದಕ್ಕೆ ವಿರುದ್ಧವಾದುದು. ಅಲ್ಲಿ ಚೆಂಡು ನಿಧಾನಿಸಿ ಎತ್ತರಕ್ಕೆ ಪುಟಿಯುತ್ತದೆ; ದೀರ್ಘಕಾಲ ಸಹನೆಯಿಂದ ಆಡುವವರಿಗೇ ಜಯ. ಆ ಮಣ್ಣಿನ ಅಧಿಪತಿ ಸ್ಪೇನಿನ ರಾಫೆಲ್ ನಡಾಲ್. 2005ರಿಂದ 2008ರವರೆಗೆ ನಾಲ್ಕು ಬಾರಿ ಸತತವಾಗಿ ಪ್ರಶಸ್ತಿ ಪಡೆದಿದ್ದ ಅವರು, 2009ರ ನಾಲ್ಕನೆಯ ಸುತ್ತಿಗೆ ಬರುವಾಗ ಅಲ್ಲಿ ಆಡಿದ 31 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಎದುರಾಳಿ ಸ್ವೀಡನ್ನಿನ ರಾಬಿನ್ ಸೋಡರ್ಲಿಂಗ್ ಅವರನ್ನು ಕೆಲವೇ ವಾರಗಳ ಹಿಂದೆ ರೋಮ್ ನಗರದಲ್ಲಿ 6-1, 6-0ರಿಂದ ಸದೆಬಡಿದಿದ್ದರು. ಅಂತಹವರನ್ನು ಸೋಡರ್ಲಿಂಗ್ ನಾಲ್ಕು ಸೆಟ್ಟುಗಳಲ್ಲಿ ಮಣಿಸಿದರು. ನಡಾಲ್ ಅವರ ಚೆಂಡು ಸುತ್ತುತ್ತ ಎತ್ತರಕ್ಕೆ ಪುಟಿದು ಎದುರಾಳಿಗಳನ್ನು ಹಿಂದಕ್ಕೆ ತಳ್ಳುತ್ತಿತ್ತು. ನೀಳಕಾಯರಾದ ಸೋಡರ್ಲಿಂಗ್ ಹಿಂದೆ ಸರಿಯದೆ, ಭುಜದ ಎತ್ತರದಲ್ಲಿಯೇ ಆ ಚೆಂಡನ್ನು ನೇರವಾಗಿ, ಬಲವಾಗಿ ಹೊಡೆದರು. ಇತರರಿಗೆ ತೊಡಕಾಗಿದ್ದ ಪುಟಿತವೇ ಅವರಿಗೆ ಅನುಕೂಲವಾಯಿತು. ಅತ್ತ ನಡಾಲ್ ಅವರನ್ನು ಮೊಣಕಾಲು ನೋವು ಬಾಧಿಸುತ್ತಿತ್ತು. ಆ ವರ್ಷದ ವಿಂಬಲ್ಡನ್ನಿನಿಂದಲೂ ಅವರು ಹಿಂದೆ ಸರಿಯಬೇಕಾಯಿತು.

ಬಲಕ್ಕೆ ಎದುರಾಗಿ ಯುಕ್ತಿ

ಎದುರಾಳಿಯ ಬಲವೇ ಅವನಿಗೆ ಭಾರವಾಗುವಂತೆ ಮಾಡುವುದು ಹಳೆಯ ಉಪಾಯ. 1975ರ ವಿಂಬಲ್ಡನ್ ಅಂತಿಮ ಪಂದ್ಯ ಇದಕ್ಕೆ ಅತ್ಯುತ್ತಮ ನಿದರ್ಶನ. ಅಗ್ರ ಶ್ರೇಯಾಂಕಿತ ಜಿಮ್ಮಿ ಕಾನರ್ಸ್ ಒಂದು ಸೆಟ್ಟನ್ನೂ ಕಳೆದುಕೊಳ್ಳದೆ ಅಲ್ಲಿಗೆ ತಲುಪಿದ್ದರು. ಆರನೆಯ ಶ್ರೇಯಾಂಕದ ಆರ್ಥರ್ ಆಶ್ ಮೂವತ್ತೆರಡರ ಹೊಸ್ತಿಲಲ್ಲಿದ್ದರು. ಕಾನರ್ಸ್ ಅವರೊಡನೆ ಹಿಂದೆ ಆಡಿದ ಮೂರು ಪಂದ್ಯಗಳನ್ನೂ ಸೋತಿದ್ದರು. ಎದುರಾಳಿ ಕಳಿಸುವ ವೇಗವನ್ನೇ ಬಳಸಿಕೊಂಡು ಇಮ್ಮಡಿ ವೇಗದಲ್ಲಿ ಹಿಂದಿರುಗಿಸುವುದು ಕಾನರ್ಸ್ ಅವರ ಹಿರಿಮೆಯೆಂಬುದನ್ನು ಆಶ್ ಅರಿತಿದ್ದರು. ಆದ್ದರಿಂದ ತಮಗೆ ಸಹಜವಾದ ಬಿರುಸಿನ ಆಟವನ್ನು ಬದಿಗಿರಿಸಿ, ವೇಗವಿಲ್ಲದ, ನೆಲಕ್ಕೆ ಅಂಟಿಕೊಂಡು ಬರುವ ಚೆಂಡುಗಳನ್ನು ಕಳಿಸತೊಡಗಿದರು. ಬಳಸಿಕೊಳ್ಳಲು ವೇಗವೇ ದೊರೆಯದೆ ಕಾನರ್ಸ್ ತಡವರಿಸಿದರು. ಫಲಿತಾಂಶ 6-1, 6-1, 5-7, 6-4. ಆಶ್ ವಿಂಬಲ್ಡನ್ ಪುರುಷರ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದ ಪ್ರಥಮ ಕಪ್ಪುವರ್ಣೀಯರಾದರು.

1989ರ ಫ್ರೆಂಚ್ ಸ್ಪರ್ಧೆಯಲ್ಲಿ ಅಮೆರಿಕದ ಹದಿನೇಳರ ತರುಣ ಮೈಕೆಲ್ ಚಾಂಗ್, ವಿಶ್ವದ ಒಂದನೆಯ ಕ್ರಮಾಂಕದ ಇವಾನ್ ಲೆಂಡ್ಲ್ ಅವರಿಗೆ ಮೊದಲ ಎರಡು ಸೆಟ್ಟುಗಳನ್ನು ಸೋತಿದ್ದರು. ಮುಂದಿನ ಎರಡನ್ನು ಗೆದ್ದು ಸಮಗೊಳಿಸುವಷ್ಟರಲ್ಲಿ ಕಾಲಿನ ಸ್ನಾಯುಗಳು ಸೆಳೆತದಿಂದ ಬಿಗಿದುಕೊಂಡವು. ನಿಲ್ಲಲೂ ಕಷ್ಟವಾದ ಆ ಸ್ಥಿತಿಯಲ್ಲಿ ಅವರು ಐದನೆಯ ಸೆಟ್ಟಿನಲ್ಲಿ ಒಮ್ಮೆ ಕೈಯನ್ನು ಮೇಲೆತ್ತದೆ, ಸೊಂಟದ ಕೆಳಗಿನಿಂದ ಮೆಲ್ಲನೆ ಸರ್ವ್ ಮಾಡಿದರು. ಲೆಂಡ್ಲ್ ತಬ್ಬಿಬ್ಬಾದರು, ಆ ಅಂಕ ಚಾಂಗ್ ಅವರದಾಯಿತು. ಕೊನೆಯಲ್ಲಿ ಚಾಂಗ್ ಸರ್ವ್ ರೇಖೆಯ ಸಮೀಪಕ್ಕೇ ಬಂದು ನಿಂತಾಗ ಲೆಂಡ್ಲ್ ಎರಡು ಬಾರಿಯೂ ತಪ್ಪಾಗಿ ಸರ್ವ್ ಮಾಡಿ ಪಂದ್ಯವನ್ನೇ ಕಳೆದುಕೊಂಡರು. ಚಾಂಗ್ ಆ ವರ್ಷದ ಪ್ರಶಸ್ತಿಯನ್ನೂ ಪಡೆದರು.

ಮನಸ್ಸಿನ ಭಾರ

ಕೆಳಗಿನ ಕ್ರಮಾಂಕದವರಿಗೆ ಕಳೆದುಕೊಳ್ಳುವುದು ಏನೂ ಇರುವುದಿಲ್ಲ. ಅಗ್ರಮಾನ್ಯರಿಗೆ ಎಲ್ಲವೂ ಇರುತ್ತದೆ. 2015ರ ಅಮೆರಿಕನ್ ಸ್ಪರ್ಧೆಯ ವೇಳೆಗೆ ಸೆರೆನಾ ವಿಲಿಯಮ್ಸ್ ಆ ವರ್ಷದ ಮೂರೂ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿಗಳನ್ನು ಗೆದ್ದಿದ್ದರು. ಇನ್ನೆರಡು ಪಂದ್ಯಗಳನ್ನು ಗೆದ್ದಿದ್ದರೆ, 1988ರ ಸ್ಟೆಫಿ ಗ್ರಾಫ್ ಅವರ ತರುವಾಯ ಒಂದೇ ವರ್ಷದಲ್ಲಿ ನಾಲ್ಕನ್ನೂ ಪಡೆದ ಮೊದಲಿಗರಾಗುತ್ತಿದ್ದರು. ಉಪಾಂತ್ಯದಲ್ಲಿ ಎದುರಾದವರು ಇಟಲಿಯ ರಾಬರ್ಟಾ ವಿಂಚಿ. ವಿಶ್ವ ಕ್ರಮಾಂಕ 43. ಅದಕ್ಕೆ ಮುಂಚೆ ಸೆರೆನಾ ಅವರಿಂದ ಒಂದು ಸೆಟ್ಟನ್ನೂ ಗೆಲ್ಲಲಾಗದಿದ್ದ ವಿಂಚಿ, ಮೊದಲ ಸೆಟ್ಟನ್ನು 2-6ರಿಂದ ಸೋತ ಮೇಲೆಯೂ ಎದೆಗುಂದಲಿಲ್ಲ. ಕತ್ತರಿಸಿ ಹೊಡೆದ ಹಿಂಗೈ ಹೊಡೆತಗಳಿಂದ ಚೆಂಡನ್ನು ತಗ್ಗಿನಲ್ಲಿ ಇರಿಸಿ, ಎದುರಾಳಿಯನ್ನು ಮತ್ತೆ ಮತ್ತೆ ಬಾಗುವಂತೆ ಮಾಡಿ, 6-4, 6-4ರಿಂದ ಉಳಿದೆರಡು ಸೆಟ್ಟುಗಳನ್ನು ಗೆದ್ದರು. ವರ್ಷವಿಡೀ ಕೂಡಿಟ್ಟ ನಿರೀಕ್ಷೆಯ ಹೊರೆ ಅಂಗಣದ ಒಂದೇ ಬದಿಯಲ್ಲಿತ್ತು.

ಹಾಗೆಂದು ಕೆಳಗಿನವರ ಮನಸ್ಸಿಗೆ ಭಾರವೇ ಇಲ್ಲವೆಂದಲ್ಲ. ಗೆಲುವು ಕಣ್ಣೆದುರು ಗೋಚರಿಸಿದ ಕ್ಷಣದಿಂದ ಅವರಿಗೂ ಕಳೆದುಕೊಳ್ಳುವುದೊಂದು ಹುಟ್ಟಿಕೊಳ್ಳುತ್ತದೆ. ಎಷ್ಟೋ ಮಂದಿ ಇಲ್ಲಿಯೇ ಕೈಚೆಲ್ಲುತ್ತಾರೆ. 2002ರ ಜೂನ್‌ನಲ್ಲಿ ವಿಂಬಲ್ಡನ್ನಿನ ಎರಡನೆಯ ಅಂಗಣದಲ್ಲಿ ನಡೆದ ಪಂದ್ಯ ಈ ದೃಷ್ಟಿಯಿಂದ ಗಮನಾರ್ಹ. 'ಚಾಂಪಿಯನ್ನರ ಸ್ಮಶಾನ'ವೆಂದೇ ಆ ಅಂಗಣಕ್ಕೆ ಅಡ್ಡಹೆಸರು ಬಿದ್ದಿತ್ತು. ಏಳು ಬಾರಿಯ ವಿಜೇತ ಪೀಟ್ ಸ್ಯಾಂಪ್ರಾಸ್ ಅವರಿಗೆ ಎದುರಾಗಿ ನಿಂತವರು ಸ್ವಿಟ್ಜರ್ಲೆಂಡಿನ ಜಾರ್ಜ್ ಬಾಸ್ಟ್ಲ್, ಕ್ರಮಾಂಕ 145. ಬಾಸ್ಟ್ಲ್ ಅರ್ಹತಾ ಸುತ್ತಿನಲ್ಲಿ ಸೋತಿದ್ದರು. ಮುಖ್ಯ ಸುತ್ತಿನಿಂದ ಬೇರೊಬ್ಬರು ಹಿಂದೆ ಸರಿದುದರಿಂದ ತೆರವಾದ ಸ್ಥಾನವಷ್ಟೇ ಅವರಿಗೆ ದೊರೆತಿತ್ತು. ಅವರು ಮೊದಲೆರಡು ಸೆಟ್ಟುಗಳನ್ನು ಗೆದ್ದರು. ಸ್ಯಾಂಪ್ರಾಸ್ ಮುಂದಿನ ಎರಡನ್ನು ಗೆದ್ದು ಸಮಗೊಳಿಸಿದರು. ಅಲ್ಲಿಗೆ ಕಥೆ ಮುಗಿಯಿತೆಂದು ಯಾರಾದರೂ ಭಾವಿಸಬಹುದಿತ್ತು. ಬಾಸ್ಟ್ಲ್ ಮಾತ್ರ ಹಾಗೆ ಭಾವಿಸಲಿಲ್ಲ. ಐದನೆಯ ಸೆಟ್ಟನ್ನು 6-4ರಿಂದ ತಮ್ಮದಾಗಿಸಿಕೊಂಡರು. ಕೈತಪ್ಪಿದ ಮುನ್ನಡೆಯ ಕೊರಗನ್ನು ತೊರೆದು ಹೊಸದಾಗಿ ಆರಂಭಿಸುವ ಶಕ್ತಿ ಯಾವ ಕ್ರಮಾಂಕಪಟ್ಟಿಯಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ.

ಅಜ್ಞಾತರು ಅಸಮರ್ಥರಲ್ಲ

ನೂರರ ಆಚೆಯ ಕ್ರಮಾಂಕವುಳ್ಳವರನ್ನು ಸಾಮಾನ್ಯರೆಂದು ಬಗೆಯುವುದು ತಪ್ಪು. ಬಾಲ್ಯದಿಂದ ದಿನಕ್ಕೆ ಹಲವು ಗಂಟೆಗಳ ಅಭ್ಯಾಸ ನಡೆಸಿ, ಸಾವಿರಾರು ಮಂದಿಯನ್ನು ಹಿಂದಿಕ್ಕಿ ಬಂದವರು ಅವರು. 1999ರ ವಿಂಬಲ್ಡನ್ನಿನ ಮೊದಲ ಸುತ್ತಿನಲ್ಲಿ ವಿಶ್ವದ ಒಂದನೆಯ ಕ್ರಮಾಂಕದ ಮಾರ್ಟಿನಾ ಹಿಂಗಿಸ್ ಅವರನ್ನು 6-2, 6-0ರಿಂದ ಸೋಲಿಸಿದ ಯೆಲೆನಾ ಡೊಕಿಚ್ ಅವರ ವಯಸ್ಸು 16, ಕ್ರಮಾಂಕ 129. ಅರ್ಹತಾ ಸುತ್ತುಗಳನ್ನು ಗೆದ್ದು ಬಂದಿದ್ದ ಅವರು ಮುಂದೆ ಎಂಟರ ಘಟ್ಟದವರೆಗೂ ಸಾಗಿದರು. 2017ರ ಆಸ್ಟ್ರೇಲಿಯನ್ ಸ್ಪರ್ಧೆಯಲ್ಲಿ ಹಿಂದಿನ ವರ್ಷದ ವಿಜೇತ ಜೊಕೊವಿಚ್ ಅವರನ್ನು ಐದು ಸೆಟ್ಟುಗಳಲ್ಲಿ ಮಣಿಸಿದ ಉಜ್ಬೇಕಿಸ್ತಾನದ ಡೆನಿಸ್ ಇಸ್ತೊಮಿನ್ ಅವರ ಕ್ರಮಾಂಕ 117. ಹದಿಹರೆಯದಲ್ಲಿ ಕಾರು ಅಪಘಾತದಿಂದ ಕಾಲು ಮುರಿದು ದೀರ್ಘಕಾಲ ಆಟದಿಂದ ದೂರವಿದ್ದ ಅವರಿಗೆ ತಾಯಿಯೇ ತರಬೇತಿ ನೀಡಿದವರು. ಒಂದು ದಿನದ ಗೆಲುವಿನ ಹಿಂದೆ ಯಾರೂ ನೋಡದ ಇಂತಹ ವರ್ಷಗಳಿರುತ್ತವೆ.

ಭಾರತೀಯರ ಪಾಲು

ಈ ಇತಿಹಾಸದಲ್ಲಿ ಭಾರತೀಯರ ಹೆಸರುಗಳೂ ಸೇರಿವೆ. 1974ರ ಅಮೆರಿಕನ್ ಸ್ಪರ್ಧೆಯಲ್ಲಿ ವಿಜಯ್ ಅಮೃತರಾಜ್, ಆ ವರ್ಷವೇ ಫ್ರೆಂಚ್ ಪ್ರಶಸ್ತಿ ಗೆದ್ದಿದ್ದ ಬ್ಯೋರ್ನ್ ಬೋರ್ಗ್ ಅವರನ್ನು ಐದು ಸೆಟ್ಟುಗಳಲ್ಲಿ ಸೋಲಿಸಿದರು. 1989ರ ಆಸ್ಟ್ರೇಲಿಯನ್ ಸ್ಪರ್ಧೆಯಲ್ಲಿ ರಮೇಶ್ ಕೃಷ್ಣನ್ ಸಾಧಿಸಿದ ಗೆಲುವು ಇನ್ನೂ ಹಿರಿದು. ಎದುರಿದ್ದ ಮ್ಯಾಟ್ಸ್ ವಿಲಾಂಡರ್ 1988ರಲ್ಲಿ ನಾಲ್ಕರಲ್ಲಿ ಮೂರು ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿಗಳನ್ನು ಗೆದ್ದು ವಿಶ್ವದ ಅಗ್ರಸ್ಥಾನದಲ್ಲಿದ್ದರು. ರಮೇಶ್ ಅವರ ಸರ್ವ್ ಮೃದುವಾದುದು. ಅವರ ಬಲವೆಲ್ಲ ಚೆಂಡನ್ನು ಮುಂಚಿತವಾಗಿ ಗ್ರಹಿಸುವ ಚಾತುರ್ಯದಲ್ಲಿಯೂ ಕೈಚಳಕದಲ್ಲಿಯೂ ಅಡಗಿತ್ತು. ಅವರು 6-3, 6-2, 7-6ರಿಂದ ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಗೆದ್ದರು. 1998ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಲಿಯಾಂಡರ್ ಪೇಸ್, ಸ್ಯಾಂಪ್ರಾಸ್ ಅವರನ್ನು 6-3, 6-4ರಿಂದ ಪರಾಭವಗೊಳಿಸಿದರು.

ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತ ಆಟಗಾರರೊಬ್ಬರನ್ನು ಭಾರತೀಯರು ಮತ್ತೆ ಸೋಲಿಸಲು ರಮೇಶ್ ಅವರ ಆ ಗೆಲುವಿನಿಂದ 35 ವರ್ಷಗಳೇ ಹಿಡಿದವು. 2024ರ ಆಸ್ಟ್ರೇಲಿಯನ್ ಸ್ಪರ್ಧೆಯಲ್ಲಿ 137ನೆಯ ಕ್ರಮಾಂಕದ ಸುಮಿತ್ ನಾಗಲ್ ಅರ್ಹತಾ ಸುತ್ತುಗಳನ್ನು ದಾಟಿ ಬಂದು, 31ನೆಯ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್ಟುಗಳಿಂದ ಸೋಲಿಸಿದರು. ಇಂತಹ ಗೆಲುವು ಅಪೂರ್ವವೇ ಹೊರತು ಅಸಾಧ್ಯವಲ್ಲವೆಂಬುದಕ್ಕೆ ಈ ದೀರ್ಘ ಅವಧಿಯೇ ಸಾಕ್ಷಿ.

ಸೋಲಿನ ನಂತರ

ದಿಗ್ಗಜರನ್ನು ಕೆಡವಿದವರಲ್ಲಿ ಅನೇಕರು ಮುಂದಿನ ಸುತ್ತಿನಲ್ಲಿಯೇ ಸೋತಿದ್ದಾರೆ. 2012ರ ವಿಂಬಲ್ಡನ್ನಿನಲ್ಲಿ ನಡಾಲ್ ಅವರನ್ನು ಸೋಲಿಸಿದ 100ನೆಯ ಕ್ರಮಾಂಕದ ಲುಕಾಸ್ ರೋಸೊಲ್, 2013ರಲ್ಲಿ ಫೆಡರರ್ ಅವರನ್ನು ಸೋಲಿಸಿದ 116ನೆಯ ಕ್ರಮಾಂಕದ ಸೆರ್ಗಿ ಸ್ಟಾಖೊವ್‌ಸ್ಕಿ, ಇಬ್ಬರ ಪ್ರಯಾಣವೂ ಮರುಪಂದ್ಯಕ್ಕೇ ಕೊನೆಗೊಂಡಿತು. ಒಂದು ದಿನ ಉತ್ತುಂಗಕ್ಕೇರುವುದು ಬೇರೆ, ವಾರಗಟ್ಟಲೆ ಅಲ್ಲಿಯೇ ನಿಲ್ಲುವುದು ಬೇರೆ. ಮೊದಲನೆಯದಕ್ಕೆ ಧೈರ್ಯ ಸಾಕು. ಎರಡನೆಯದಕ್ಕೆ ಪ್ರತಿದಿನವೂ ಅದೇ ಧೈರ್ಯ ಬೇಕು. ಅಗ್ರಮಾನ್ಯರ ಹಿರಿಮೆ ಇರುವುದು ಈ ಎರಡನೆಯದರಲ್ಲಿ.

ಅದು ಅವರ ಸೋಲುಗಳ ತರುವಾಯವೇ ಸ್ಪಷ್ಟವಾಗಿ ಕಾಣುತ್ತದೆ. 1983ರಲ್ಲಿ ಮಾರ್ಟಿನಾ ನವ್ರಾಟಿಲೋವಾ ವರ್ಷವಿಡೀ ಆಡಿದ 87 ಪಂದ್ಯಗಳಲ್ಲಿ ಒಂದನ್ನೇ ಸೋತರು. ಫ್ರೆಂಚ್ ಸ್ಪರ್ಧೆಯಲ್ಲಿ ಅವರನ್ನು ಸೋಲಿಸಿದವರು ಹದಿನೇಳರ ಕ್ಯಾಥಿ ಹಾರ್ವತ್. ಉಳಿದ 86 ಗೆಲುವುಗಳಲ್ಲಿ ವಿಂಬಲ್ಡನ್ ಮತ್ತು ಅಮೆರಿಕನ್ ಪ್ರಶಸ್ತಿಗಳೂ ಸೇರಿದ್ದವು. 1987ರಲ್ಲಿ ಎರಡು ವರ್ಷಗಳ ವಿಂಬಲ್ಡನ್ ವಿಜೇತ ಬೋರಿಸ್ ಬೆಕರ್, 70ನೆಯ ಕ್ರಮಾಂಕದ ಆಸ್ಟ್ರೇಲಿಯನ್ ಪೀಟರ್ ಡೂಹನ್ ಅವರಿಗೆ ಎರಡನೆಯ ಸುತ್ತಿನಲ್ಲಿ ಸೋತಾಗ ಅವರಿಗಿನ್ನೂ ಹತ್ತೊಂಬತ್ತು. ತಾನು ಯುದ್ಧವನ್ನೇನೂ ಸೋತಿಲ್ಲ, ಯಾರೂ ಸತ್ತಿಲ್ಲ, ಸೋತುದು ಒಂದು ಟೆನಿಸ್ ಪಂದ್ಯವನ್ನು ಮಾತ್ರ ಎಂದು ಅವರು ಪತ್ರಕರ್ತರಿಗೆ ಹೇಳಿದರು. 1989ರಲ್ಲಿ ಮತ್ತೆ ಅದೇ ಪ್ರಶಸ್ತಿಯನ್ನು ಗೆದ್ದರು. ಬಾಸ್ಟ್ಲ್ ಅವರಿಗೆ ಸೋತ ಸ್ಯಾಂಪ್ರಾಸ್ ಮೂರು ತಿಂಗಳೊಳಗೆ ಅಮೆರಿಕನ್ ಪ್ರಶಸ್ತಿಯನ್ನು ಪಡೆದರು. ಅದು ಅವರ ಹದಿನಾಲ್ಕನೆಯ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ. ಸೋಡರ್ಲಿಂಗ್ ಅವರಿಗೆ ಸೋತ ನಡಾಲ್, 2010ರ ಫ್ರೆಂಚ್ ಅಂತಿಮ ಪಂದ್ಯದಲ್ಲಿ ಅದೇ ಎದುರಾಳಿಯನ್ನು ನೇರ ಸೆಟ್ಟುಗಳಿಂದ ಸೋಲಿಸಿದರು. 2024ರಲ್ಲಿ ನಿವೃತ್ತರಾದಾಗ ಆ ಅಂಗಣದಲ್ಲಿ ಅವರ ಲೆಕ್ಕ 112 ಗೆಲುವು, ನಾಲ್ಕು ಸೋಲು, ಹದಿನಾಲ್ಕು ಪ್ರಶಸ್ತಿ.

ಅನಿರೀಕ್ಷಿತ ಪರಾಭವಗಳು ಇಬ್ಬರಿಗೂ ಒಂದೊಂದು ಪಾಠವನ್ನು ಹೇಳುತ್ತವೆ. ಮೇಲಿರುವವರ ಪಾಲಿಗೆ, ನಿನ್ನೆಯ ಹಿರಿಮೆಯಿಂದ ಇಂದಿನ ಅಂಕವನ್ನು ಕೊಳ್ಳಲಾಗದು. ಕೆಳಗಿರುವವರ ಪಾಲಿಗೆ, ಅಂತರ ಕಾಣುವುದಕ್ಕಿಂತ ಕಿರಿದು. ಆದರೆ ಅದನ್ನು ದಾಟಲು ಸಿದ್ಧತೆ ಅನಿವಾರ್ಯ. ಅವಕಾಶವು ಹೇಳಿ ಬರುವುದಿಲ್ಲ. ಬೇರೊಬ್ಬರು ತೆರವು ಮಾಡಿದ ಸ್ಥಾನದಲ್ಲಿ ಆಡಲು ಕರೆಬಂದಾಗ ಬಾಸ್ಟ್ಲ್ ಸಿದ್ಧರಾಗಿದ್ದರು. ಆ ದಿನ ಅವರು ತಂದದ್ದು ವರ್ಷಗಳ ಅಭ್ಯಾಸವನ್ನು. ಅದೃಷ್ಟ ಒದಗಿಸಿದ್ದು ಆಡುವುದಕ್ಕೆ ಒಂದು ಅಂಗಣವನ್ನಷ್ಟೇ.